ಪುಟಾಣಿಗಳ ವೇಳೆಗೊಂದು ಕೊನೆಯಿರಲಿ

ಮಗುವಿನ ಆರೋಗ್ಯವೆಂದೊಡನೆ ಜ್ವರ, ಕೆಮ್ಮು, ತೂಕ, ಲಸಿಕೆಗಳು ನೆನಪಿಗೆ ಬರುತ್ತವೆ. ಇವುಗಳಷ್ಟೇ ಮುಖ್ಯವಾದ, ಆದರೆ ಆರೋಗ್ಯದ ಲೆಕ್ಕಕ್ಕೆ ನಾವು ಸಾಮಾನ್ಯವಾಗಿ ಸೇರಿಸದ ಸಂಗತಿಯೊಂದಿದೆ. ಅದು ಮಗುವಿನ ದಿನಚರಿ. ಮಗು ಯಾವಾಗ ಏಳುತ್ತದೆ, ಹೇಗೆ ಉಣ್ಣುತ್ತದೆ, ಎಷ್ಟು ಹೊತ್ತು ಓಡಾಡುತ್ತದೆ, ಯಾರೊಡನೆ ಮಾತನಾಡುತ್ತದೆ, ಯಾವಾಗ ಮಲಗುತ್ತದೆ ಎಂಬುದರ ಮೇಲೆ ಅದರ ದೇಹವೂ ಬುದ್ಧಿಯೂ ರೂಪುಗೊಳ್ಳುತ್ತವೆ. ಇಂದು ಎಷ್ಟೋ ಮನೆಗಳಲ್ಲಿ ಈ ದಿನಚರಿಯನ್ನು ನಿರ್ಧರಿಸುತ್ತಿರುವುದು ಕಾರ್ಟೂನ್.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮಟ್ಟಿಗೆ ಈ ಮಾತು ಮಳೆಗಾಲದಲ್ಲಿ ಇನ್ನಷ್ಟು ನಿಜ. ನೆರೆಯ ಆಗುಂಬೆಯ ಮೋಡ ನಮ್ಮ ಗುಡ್ಡಗಳ ಮೇಲೂ ಕವಿದು, ಜೂನ್‌ನಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಸುರಿಯುತ್ತದೆ. ಅಂಗಳದಲ್ಲಿ ಪಾಚಿ, ದಾರಿಯಲ್ಲಿ ಕೆಸರು, ತೋಟದಲ್ಲಿ ಜಿಗಣೆ. ದೊಡ್ಡ ಮಕ್ಕಳಿಗೇ ಮಳೆಯ ರಜೆ ಸಿಗುವ ದಿನಗಳಲ್ಲಿ ಅಂಗನವಾಡಿಗೂ ಹೋಗಲಾಗದ ಮೂರು ವರ್ಷದ ಮಗು ಒಳಗೇ ಉಳಿಯುತ್ತದೆ. ಒಂಟಿ ಮನೆ, ಕೆಲಸದಲ್ಲಿ ಮುಳುಗಿದ ಹಿರಿಯರು, ಕೈಗೆಟುಕುವ ಮೊಬೈಲ್: ಈ ಮೂರೂ ಸೇರಿದಾಗ ಮಗು ಗಂಟೆಗಟ್ಟಲೆ ಪರದೆಯ ಮುಂದೆ ಕೂರುವುದು ಅಚ್ಚರಿಯ ಸಂಗತಿಯೇನಲ್ಲ.

ಇದಕ್ಕೆ ಪರಿಹಾರವೇನು? ಟಿ.ವಿ., ಮೊಬೈಲ್‌ಗಳನ್ನು ಮನೆಯಿಂದ ಹೊರಗೆಸೆಯಿರಿ ಎಂಬ ಉಪದೇಶ ಹೇಳಲು ಸುಲಭ, ಪಾಲಿಸಲು ಕಷ್ಟ. ಅದಕ್ಕಿಂತ ಪುಟಾಣಿಗಳ ಕಾರ್ಯಕ್ರಮಗಳು ನಡೆದುಬಂದ ದಾರಿಯನ್ನು ಒಮ್ಮೆ ಗಮನಿಸುವುದು ಹೆಚ್ಚು ಉಪಯುಕ್ತ. ಆ ಇತಿಹಾಸದಲ್ಲಿ ನಾವು ಕಳೆದುಕೊಂಡ ಒಂದು ಒಳ್ಳೆಯ ಪದ್ಧತಿಯಿದೆ. ಅದನ್ನು ಮನೆಯೊಳಗೆ ಮತ್ತೆ ಸ್ಥಾಪಿಸಿಕೊಳ್ಳಬಹುದು ಎಂಬುದೇ ಈ ಬರಹದ ಅಭಿಪ್ರಾಯ.

ವೇಳೆಯೊಂದು ಹುಟ್ಟಿದ ಬಗೆ

ಶಾಲೆಗೆ ಸೇರುವ ಮುನ್ನಿನ ವಯಸ್ಸಿನ ಮಕ್ಕಳಿಗೆ ಟಿ.ವಿ.ಯ ಮೂಲಕ ಏನಾದರೂ ಕಲಿಸಬಹುದೇ ಎಂಬ ಪ್ರಶ್ನೆಗೆ ದೊಡ್ಡ ಪ್ರಮಾಣದಲ್ಲಿ ಉತ್ತರ ಹುಡುಕಿದ್ದು ಅಮೆರಿಕದ ‘ಸೆಸಮಿ ಸ್ಟ್ರೀಟ್’. 1969ರ ನವೆಂಬರ್ 10ರಂದು ಆರಂಭವಾದ ಈ ಕಾರ್ಯಕ್ರಮವನ್ನು ರೂಪಿಸಿದವರಲ್ಲಿ ಪ್ರಮುಖರು ಜೋನ್ ಗ್ಯಾಂಜ್ ಕೂನಿ. ಶಿಕ್ಷಣ ತಜ್ಞರು, ಮನೋವಿಜ್ಞಾನಿಗಳು, ಕಲಾವಿದರು ಒಟ್ಟಿಗೆ ಕುಳಿತು ಅಕ್ಷರ, ಅಂಕಿ, ನಡೆನುಡಿಗಳನ್ನು ಹಾಡು ಮತ್ತು ಬೊಂಬೆಗಳ ಮೂಲಕ ಹೇಳಿಕೊಟ್ಟರು. ಇದನ್ನು ಹೆಚ್ಚಾಗಿ ನೋಡಿದ ಮಕ್ಕಳು ಅಕ್ಷರ, ಅಂಕಿಗಳನ್ನು ಹೆಚ್ಚು ಕಲಿತರೆಂಬುದು ಆರಂಭದ ಪರೀಕ್ಷೆಗಳಲ್ಲೇ ಕಂಡುಬಂದಿತು. ದೊಡ್ಡವರೂ ಜೊತೆಗೆ ಕುಳಿತು ನೋಡಲೆಂದು ಅವರಿಗೆ ರುಚಿಸುವ ಹಾಸ್ಯವನ್ನೂ ಉದ್ದೇಶಪೂರ್ವಕವಾಗಿ ಸೇರಿಸಿದ್ದರು. ತಾಯಿಯೋ ತಂದೆಯೋ ಪಕ್ಕದಲ್ಲಿದ್ದರೆ ಮಗು ಹೆಚ್ಚು ಕಲಿಯುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಬಳಿಕ ಕೇಬಲ್ ವಾಹಿನಿಗಳ ಕಾಲ ಬಂದಿತು. ಮಕ್ಕಳ ವಾಹಿನಿಗಳಿಗೆ ಒಂದು ವ್ಯಾವಹಾರಿಕ ಸಮಸ್ಯೆ ಎದುರಾಯಿತು. ಅವುಗಳ ಮುಖ್ಯ ಪ್ರೇಕ್ಷಕರಾದ ಆರರಿಂದ ಹನ್ನೆರಡರ ಮಕ್ಕಳು ಹಗಲಿನಲ್ಲಿ ಶಾಲೆಯಲ್ಲಿರುತ್ತಾರೆ. ಆ ಹೊತ್ತಿನಲ್ಲಿ ಮನೆಯಲ್ಲಿರುವವರು ಇನ್ನೂ ಶಾಲೆಗೆ ಸೇರದ ಪುಟಾಣಿಗಳು. ಹಾಗಾಗಿ ಶಾಲೆಯ ವೇಳೆಯನ್ನು ಪುಟಾಣಿಗಳಿಗೆ ಮೀಸಲಿಡುವ ಕ್ರಮ ಬಂದಿತು. ವಾಹಿನಿಗಳವರು ಇದನ್ನು ‘ಪ್ರೀಸ್ಕೂಲ್ ಬ್ಲಾಕ್’ ಎನ್ನುತ್ತಾರೆ. ನಾವು ಪುಟಾಣಿಗಳ ವೇಳೆ ಎನ್ನೋಣ. 1979ರಲ್ಲಿ ಆರಂಭವಾದ ನಿಕೆಲೋಡಿಯನ್ ವಾಹಿನಿ 1988ರ ಜನವರಿಯಲ್ಲಿ ತನ್ನ ಪುಟಾಣಿಗಳ ವೇಳೆಗೆ ‘ನಿಕ್ ಜೂನಿಯರ್’ ಎಂದು ಹೆಸರಿಟ್ಟಿತು. ಡಿಸ್ನಿ ವಾಹಿನಿಯ ‘ಪ್ಲೇಹೌಸ್ ಡಿಸ್ನಿ’ 1997ರಲ್ಲಿ ಬಂದಿತು. ಕಾರ್ಟೂನ್ ನೆಟ್‌ವರ್ಕ್ 2005ರಲ್ಲಿ ಅಮೆರಿಕದಲ್ಲಿ ‘ಟಿಕಲ್ ಯು’ ಎಂಬುದನ್ನು ಆರಂಭಿಸಿತು. ಅದು ಹೆಚ್ಚು ಕಾಲ ಬಾಳಲಿಲ್ಲ.

ಈ ವೇಳೆಗಳಲ್ಲಿ ಕೆಲವು ನಿಜಕ್ಕೂ ಮಗುವಿನ ಬುದ್ಧಿಯ ಗತಿಗೆ ತಕ್ಕಂತೆ ರೂಪುಗೊಂಡಿದ್ದವು. 1996ರಲ್ಲಿ ನಿಕ್ ಜೂನಿಯರ್‌ನಲ್ಲಿ ಆರಂಭವಾದ ‘ಬ್ಲೂಸ್ ಕ್ಲೂಸ್’ ಕಾರ್ಯಕ್ರಮದ ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದೂ ದಿನ ಮತ್ತೆ ಮತ್ತೆ ತೋರಿಸುತ್ತಿದ್ದರು. ದೊಡ್ಡವರಿಗೆ ಬೇಸರವೆನಿಸುವ ಈ ಪುನರಾವರ್ತನೆ ಮಗುವಿಗೆ ಹಿತ. ಮೊದಲ ದಿನ ಸುಮ್ಮನೆ ನೋಡಿದ ಮಗು ಕೊನೆಯ ದಿನಗಳಲ್ಲಿ ತಾನೇ ಉತ್ತರ ಕೂಗಿ ಹೇಳುತ್ತಿತ್ತು. ನಿರೂಪಕ ಪ್ರಶ್ನೆ ಕೇಳಿ, ಮಗು ಉತ್ತರಿಸಲೆಂದು ಕೆಲವು ಕ್ಷಣ ಸುಮ್ಮನಿರುತ್ತಿದ್ದ. ಒಂದೇ ಕಥೆಯನ್ನು ಪ್ರತಿರಾತ್ರಿ ಕೇಳುವ ಮೊಮ್ಮಗು, ಬೇಸರಿಸದೆ ಹೇಳುವ ಅಜ್ಜಿ, ಕಥೆಯ ನಡುವೆ ‘ಆಮೇಲೇನಾಯ್ತು ಹೇಳು ನೋಡೋಣ’ ಎಂದು ಆಕೆ ನಿಲ್ಲಿಸುವ ಬಗೆ: ಇವೆಲ್ಲ ನಮ್ಮ ಮನೆಗಳಿಗೆ ಹೊಸತಲ್ಲ. ಅಮೆರಿಕದ ತಜ್ಞರು ಸಂಶೋಧನೆಯ ಮೂಲಕ ತಲುಪಿದ್ದು ಬಹುಮಟ್ಟಿಗೆ ಅಜ್ಜಿಯ ಪದ್ಧತಿಯನ್ನೇ.

ನಮ್ಮ ನಾಡಿನಲ್ಲಿ

ಕರ್ನಾಟಕದ ಹಳ್ಳಿಗಳಿಗೆ ಟಿ.ವಿ. ಮೊದಲು ಬಂದದ್ದೇ ಶಿಕ್ಷಣದ ಹೆಸರಿನಲ್ಲಿ. 1975ರ ಆಗಸ್ಟ್‌ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ಪ್ರಸಾರ ಮಾಡುವ ‘ಸೈಟ್’ ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗಾಗಿ ಕನ್ನಡದಲ್ಲಿ ಅರ್ಧ ಗಂಟೆಗೂ ಕಡಿಮೆ ಅವಧಿಯ ಪ್ರಸಾರವಿರುತ್ತಿತ್ತು. ಅದು ಐದು ವರ್ಷ ಮೀರಿದ ಮಕ್ಕಳಿಗೆ ಮೀಸಲು. ಅದೇ ವರ್ಷದ ಅಕ್ಟೋಬರ್ 2ರಂದು, ಐದರೊಳಗಿನ ಮಕ್ಕಳನ್ನೂ ಒಳಗೊಂಡ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ರಾಜ್ಯದಲ್ಲಿ ಅದರ ಮೊದಲ ಅಂಗನವಾಡಿಗಳು ತಿ. ನರಸೀಪುರದಲ್ಲಿ ತೆರೆದವು. ಹೀಗೆ ಎಳೆಯರನ್ನು ತಲುಪುವ ಎರಡು ಮಾರ್ಗಗಳು, ಪರದೆ ಮತ್ತು ಮನುಷ್ಯರು, ನಮ್ಮಲ್ಲಿ ಒಂದೇ ವರ್ಷದಲ್ಲಿ ಹೊರಟವು. ಯಾವುದು ಮುಂದೆ ಓಡಿತು, ಯಾವುದು ಹಿಂದುಳಿಯಿತು ಎಂಬುದನ್ನು ಇಂದು ಯಾರೂ ಹೇಳಬೇಕಾಗಿಲ್ಲ.

ಮಲೆನಾಡಿಗೆ ಮಕ್ಕಳ ಕಾರ್ಯಕ್ರಮವೆಂದರೆ ಬಹುಕಾಲ ರೇಡಿಯೋ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ದನಿ ತೋಟದ ಮನೆಗಳ ಜಗುಲಿಯನ್ನು ತಲುಪುತ್ತಿತ್ತು. ಟಿ.ವಿ.ಗೆ ಗುಡ್ಡಗಳು ಅಡ್ಡ. ಉದ್ದನೆಯ ಕಂಬಕ್ಕೆ ಆಂಟೆನಾ ಕಟ್ಟಿ, ಅತ್ತಿತ್ತ ತಿರುಗಿಸಿ, ಮಸುಕು ಚಿತ್ರವನ್ನು ಹಿಡಿದ ಕಾಲವನ್ನು ನಡುವಯಸ್ಸಿನ ಓದುಗರು ಮರೆತಿರಲಾರರು. 1990ರ ದಶಕದಲ್ಲಿ ದೂರದರ್ಶನದ ಭಾನುವಾರದ ಬೆಳಗಿನಲ್ಲಿ ‘ಜಂಗಲ್ ಬುಕ್’, ‘ಡಕ್ ಟೇಲ್ಸ್’ ಹಿಂದಿಯಲ್ಲಿ ಬರುತ್ತಿದ್ದವು. ಅರ್ಧ ಗಂಟೆ ಮುಗಿದರೆ ಮತ್ತೆ ಮುಂದಿನ ಭಾನುವಾರ. ಅಷ್ಟರೊಳಗೆ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಅದೂ ಇಲ್ಲ.

ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. 2004ರ ಜನವರಿಯಲ್ಲಿ ಪೋಗೋ ಬಂದಿತು. ಈ ಬಳಗದ ಪುಟಾಣಿಗಳ ವೇಳೆಗೆ ‘ಟೈನಿ ಟಿವಿ’ ಎಂಬ ಹೆಸರಿತ್ತು. ‘ನಾಡಿ’, ‘ಬಾಬ್ ದ ಬಿಲ್ಡರ್’, ‘ಆಸ್ವಾಲ್ಡ್’ ಮುಂತಾದ ನಿಧಾನಗತಿಯ ಸೌಮ್ಯ ಕಥೆಗಳು ಭಾರತದ ಪುಟಾಣಿಗಳಿಗೆ ಪರಿಚಯವಾದದ್ದು ಆ ವರ್ಷಗಳಲ್ಲೇ. 2006ರಲ್ಲಿ ಸೆಸಮಿ ಸ್ಟ್ರೀಟ್‌ನ ಭಾರತೀಯ ರೂಪವಾದ ‘ಗಲಿ ಗಲಿ ಸಿಮ್ ಸಿಮ್’ ಹಿಂದಿಯಲ್ಲಿ ಬಂದಿತು. ಮನೆಗಳು ಚದುರಿಹೋಗಿರುವ ನಮ್ಮ ತಾಲ್ಲೂಕುಗಳಲ್ಲಿ ಕೇಬಲ್ ಎಳೆಯುವುದು ಪೇಟೆಯಾಚೆಗೆ ಲಾಭದ ಮಾತಾಗಿರಲಿಲ್ಲ. ಮನೆಮನೆಯ ಮಾಡಿನ ಮೇಲೆ ಡಿಶ್ ಕುಳಿತ ಮೇಲೆ ಮಾತ್ರ ಈ ವಾಹಿನಿಗಳು ಅಡಿಕೆ ತೋಟದ ಒಳಮನೆಗೂ ಬಂದವು.

ಆದರೆ ಅವುಗಳ ಭಾಷೆ ಹಿಂದಿ ಅಥವಾ ಇಂಗ್ಲಿಷ್. ಡಬ್ಬಿಂಗ್ ಬೇಡವೆಂಬ ನಿಲುವು ಕನ್ನಡದಲ್ಲಿ ದಶಕಗಳಿಂದ ಗಟ್ಟಿಯಾಗಿದ್ದ ಕಾಲವದು. 2009ರಲ್ಲಿ ಚಿಂಟು ಟಿವಿ ಆರಂಭವಾದಾಗ ಕನ್ನಡದ ಮಕ್ಕಳಿಗೆ ತಮ್ಮ ನುಡಿಯಲ್ಲೇ ಮಾತನಾಡುವ ಕಾರ್ಟೂನ್ ವಾಹಿನಿಯೊಂದು ದೊರೆಯಿತು. ಭಾಷೆಯ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಎರಡು ಮೂರು ವರ್ಷದ ಮಗುವಿಗೆ ಅರ್ಥವಾಗದ ನುಡಿಯ ಕಾರ್ಟೂನ್ ಕೇವಲ ಬಣ್ಣ ಮತ್ತು ಸದ್ದು. ಅರ್ಥವಾಗುವ ನುಡಿಯಲ್ಲಿದ್ದರೆ ಮನೆಯವರು ಆ ಕಥೆಯನ್ನು ಮುಂದುವರಿಸಿ ಮಾತನಾಡಬಹುದು.

ವೇಳೆ ಹೋಗಿ ಪ್ರವಾಹ ಬಂತು

ಪುಟಾಣಿಗಳ ವೇಳೆಗೆ ಮಾರುಕಟ್ಟೆಯಿದೆ ಎಂದು ತಿಳಿದೊಡನೆ ಅದು ವೇಳೆಯಾಗಿ ಉಳಿಯಲಿಲ್ಲ. ಇಡೀ ದಿನದ ವಾಹಿನಿಯಾಯಿತು. ಅಮೆರಿಕದಲ್ಲಿ 2009ರಲ್ಲಿ ನಿಕ್ ಜೂನಿಯರ್ ಹೆಸರಿನ ಪ್ರತ್ಯೇಕ ವಾಹಿನಿ ಬಂದಿತು. 2011ರಲ್ಲಿ ಪ್ಲೇಹೌಸ್ ಡಿಸ್ನಿಯು ‘ಡಿಸ್ನಿ ಜೂನಿಯರ್’ ಆಯಿತು. ಭಾರತದಲ್ಲಿ ಡಿಸ್ನಿ ಜೂನಿಯರ್ ಮತ್ತು ನಿಕ್ ಜೂನಿಯರ್ ಎರಡೂ ವಾಹಿನಿಗಳಾಗಿ ಬಂದದ್ದು 2012ರಲ್ಲಿ. ಕೂಸುಗಳಿಗೆಂದೇ ದಿನದ 24 ಗಂಟೆಯೂ ಪ್ರಸಾರ ಮಾಡುವ ವಾಹಿನಿಗಳು ಹೊರದೇಶಗಳಲ್ಲಿ ಅದಕ್ಕೂ ಮೊದಲೇ ಹುಟ್ಟಿದ್ದವು. ಇದನ್ನು ಕಂಡು ಫ್ರಾನ್ಸ್‌ನ ಪ್ರಸಾರ ನಿಯಂತ್ರಣ ಮಂಡಳಿಯು 2008ರಲ್ಲಿ, ಮೂರು ವರ್ಷದೊಳಗಿನ ಮಕ್ಕಳಿಗೆಂದು ಕಾರ್ಯಕ್ರಮ ಪ್ರಸಾರ ಮಾಡಬಾರದೆಂದು ತನ್ನ ದೇಶದ ವಾಹಿನಿಗಳನ್ನು ನಿರ್ಬಂಧಿಸಿತು.

2016ರ ನಂತರ ಇಂಟರ್ನೆಟ್ ಅಗ್ಗವಾಗಿ ಮೊಬೈಲ್ ಎಲ್ಲರ ಕೈ ಸೇರಿದ ಮೇಲೆ ವಾಹಿನಿಯ ಮಾತೂ ಹಿಂದಾಯಿತು. ಯೂಟ್ಯೂಬ್‌ನಲ್ಲಿ ಒಂದು ಹಾಡು ಮುಗಿಯುವ ಮುನ್ನವೇ ಮುಂದಿನದು ಸಿದ್ಧವಾಗಿರುತ್ತದೆ. ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಸೆಸಮಿ ಸ್ಟ್ರೀಟ್‌ನ ಸಂಶೋಧಕರು ಟಿ.ವಿ.ಯ ಪಕ್ಕದಲ್ಲಿ ಬದಲಾಗುತ್ತಿರುವ ಬೇರೆ ಚಿತ್ರಗಳನ್ನು ತೋರಿಸಿ, ಮಗುವಿನ ಗಮನ ಯಾವಾಗ ಅತ್ತ ಹೊರಳುತ್ತದೆಂದು ಪರೀಕ್ಷಿಸುತ್ತಿದ್ದರು. ಪಾಠ ಎಲ್ಲಿ ಸೊರಗಿದೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಇಂದು ಜಗತ್ತಿನಾದ್ಯಂತ ಜನಪ್ರಿಯವಾದ ‘ಕೊಕೊಮೆಲನ್’ ಹಾಡುಗಳ ಒಡೆತನವಿರುವ ಸಂಸ್ಥೆಯೂ ಇದನ್ನೇ ಹೋಲುವ ಪರೀಕ್ಷೆಯನ್ನು ಬಳಸುತ್ತದೆಂದು 2022ರಲ್ಲಿ ವರದಿಯಾಯಿತು. ಮಗುವಿನ ಕಣ್ಣು ಪರದೆಯಿಂದ ಕದಲಿದ ಕಡೆಯೆಲ್ಲ ವಿಡಿಯೋವನ್ನು ಇನ್ನಷ್ಟು ಆಕರ್ಷಕಗೊಳಿಸಲಾಗುತ್ತದೆ. ಅಳತೆಗೋಲು ಒಂದೇ, ಆದರೆ ಅಂದಿನ ಕಾರ್ಯಕ್ರಮಕ್ಕೆ ಒಂದು ಮುಗಿತಾಯವಿತ್ತು. ಗಂಟೆ ಕಳೆದೊಡನೆ ‘ನಾಳೆ ಸಿಗೋಣ’ ಎಂದು ಪರದೆಯೇ ಮಗುವನ್ನು ಬೀಳ್ಕೊಡುತ್ತಿತ್ತು. ಇಂದಿನ ಪರದೆ ಹಾಗೆ ಹೇಳುವುದಿಲ್ಲ. ಸಾಕು ಎನ್ನುವ ಹೊಣೆ ಪೂರ್ತಿಯಾಗಿ ಮನೆಯವರ ಮೇಲೆ, ಕೆಲವೊಮ್ಮೆ ಆ ಮೂರು ವರ್ಷದ ಮಗುವಿನ ಮೇಲೆಯೇ ಬಿದ್ದಿದೆ. ಮಗುವಿಗೆ ಅದು ಸಾಧ್ಯವಿಲ್ಲ. ತಾನೇ ನಿಲ್ಲಿಸಿಕೊಳ್ಳುವ ಶಕ್ತಿ ಆ ವಯಸ್ಸಿನ ಮೆದುಳಿನಲ್ಲಿ ಇನ್ನೂ ಬೆಳೆದಿರುವುದಿಲ್ಲ.

ಮಗುವಿನ ಮೇಲಾಗುವ ಪರಿಣಾಮ

ಮಾತಿನ ವಿಚಾರವನ್ನೇ ಮೊದಲು ನೋಡೋಣ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಒಂಬತ್ತು ತಿಂಗಳ ಶಿಶುಗಳ ಮುಂದೆ ಹನ್ನೆರಡು ಬಾರಿ ಚೀನೀ ಭಾಷೆಯಲ್ಲಿ ಮಾತನಾಡಲಾಯಿತು. ಎದುರಿಗೆ ಕುಳಿತು ಆಡಿಸಿದ ವ್ಯಕ್ತಿಯಿಂದ ಶಿಶುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ವ್ಯಕ್ತಿಯನ್ನು ವಿಡಿಯೋದಲ್ಲಿ ನೋಡಿದ ಶಿಶುಗಳು ಕಲಿಯಲಿಲ್ಲ. ಕೂಸು ಮಾತು ಕಲಿಯುವುದು ತನ್ನ ಕಣ್ಣನ್ನು ನೋಡಿ, ತನ್ನ ತೊದಲಿಗೆ ಓಗೊಡುವ ಮನುಷ್ಯರಿಂದ. ಪರದೆಯ ಮುಂದೆ ಕಳೆದ ಗಂಟೆಯೆಂದರೆ ಅಂಥ ಒಡನಾಟದಿಂದ ಕಳೆದುಹೋದ ಗಂಟೆ.

ಗಮನದ ಮಾತಿಗೆ ಬಂದರೆ, 2011ರ ಇನ್ನೊಂದು ಅಧ್ಯಯನದಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಅತಿವೇಗದ ಕಾರ್ಟೂನನ್ನೂ, ಇನ್ನೊಂದಕ್ಕೆ ನಿಧಾನಗತಿಯ ಶೈಕ್ಷಣಿಕ ಕಾರ್ಟೂನನ್ನೂ ಒಂಬತ್ತು ನಿಮಿಷ ತೋರಿಸಿದರು. ಮೂರನೆಯ ಗುಂಪು ಚಿತ್ರ ಬರೆಯಿತು. ಬಳಿಕ ತಾಳ್ಮೆ, ನೆನಪು, ಸೂಚನೆ ಪಾಲಿಸುವಿಕೆಯ ಪರೀಕ್ಷೆಗಳಲ್ಲಿ ವೇಗದ ಕಾರ್ಟೂನ್ ನೋಡಿದ ಮಕ್ಕಳೇ ಹಿಂದುಳಿದರು. ಇದು ಆ ಕ್ಷಣದ ಪರಿಣಾಮ ಮಾತ್ರ, ಜೀವನಪರ್ಯಂತದ ತೀರ್ಪಲ್ಲ. ಆದರೂ ಎಲ್ಲ ಕಾರ್ಟೂನೂ ಒಂದೇ ಅಲ್ಲವೆಂಬುದನ್ನು ಅದು ಸ್ಪಷ್ಟಪಡಿಸುತ್ತದೆ.

ಈ ಹಿನ್ನೆಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿ ಹೀಗಿದೆ: ಎರಡು ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂರಿಸುವುದೇ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೂರು-ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ರೆ ಮತ್ತು ಒಟ್ಟು ಮೂರು ಗಂಟೆ ಓಡಾಟ ಬೇಕು. ಭಾರತದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪ್ರಕಟಿಸಿದ ಸಲಹೆಯೂ ಇದಕ್ಕೆ ಹತ್ತಿರವಾದದ್ದೇ. ದೂರದ ಬಂಧುಗಳೊಡನೆ ಆಗೊಮ್ಮೆ ವಿಡಿಯೋ ಕರೆಯಲ್ಲಿ ಮಾತನಾಡಿಸಲು ಮಾತ್ರ ಅದು ಎರಡು ವರ್ಷದೊಳಗಿನವರಿಗೆ ವಿನಾಯಿತಿ ನೀಡಿದೆ.

ಊಟದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮೊಬೈಲ್ ತೋರಿಸುತ್ತ ತುತ್ತಿಡುವ ರೂಢಿ ಎಲ್ಲೆಡೆ ಹಬ್ಬಿದೆ. ಪರದೆಯಲ್ಲಿ ಮುಳುಗಿದ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ, ರುಚಿಯೂ ತಿಳಿಯುವುದಿಲ್ಲ, ಅಗಿಯುವುದೂ ಕಡಿಮೆ. ಅನ್ನವನ್ನು ಪ್ರಸಾದವೆಂದು ಕಾಣುವ ನಮ್ಮ ಮನೆಗಳಲ್ಲಿ ಮಗು ತಾನು ಉಣ್ಣುತ್ತಿರುವುದೇನೆಂದು ನೋಡದೆ ನುಂಗುವುದು ಆರೋಗ್ಯಕ್ಕೂ ಒಗ್ಗದು, ಸಂಸ್ಕಾರಕ್ಕೂ ಒಗ್ಗದು.

ತಾಯಂದಿರನ್ನು ದೂರುವುದು ಬೇಡ

ಇಷ್ಟು ಹೇಳಿದೊಡನೆ ಎಲ್ಲರ ಬೆರಳೂ ತಾಯಿಯ ಕಡೆ ತಿರುಗುತ್ತದೆ. ಇದು ನ್ಯಾಯವಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಮನೆಮಂದಿಯೆಲ್ಲ ದುಡಿಯುತ್ತಾರೆ. ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ತಾಯಿ ತಂದೆ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೊರಡಬೇಕು. ಮೊದಲಿದ್ದ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರ ತುಂಬುಮನೆ ಈಗಿಲ್ಲ. ಮಕ್ಕಳು ಬೆಂಗಳೂರು ಸೇರಿ ಎಷ್ಟೋ ಮನೆಗಳಲ್ಲಿ ಉಳಿದಿರುವವರು ವೃದ್ಧರಷ್ಟೆ. ಎರಡು ಕೈಯಲ್ಲಿ ನಾಲ್ಕು ಕೈಯ ಕೆಲಸ ಮಾಡುವ ಹೆಣ್ಣುಮಗಳು ಅರ್ಧ ಗಂಟೆಯ ಬಿಡುವಿಗಾಗಿ ಕಾರ್ಟೂನ್ ಹಾಕಿದರೆ ಅದು ಅಪರಾಧವಲ್ಲ. ಆ ಅರ್ಧ ಗಂಟೆ ಅವಳ ಅರಿವಿಲ್ಲದೆ ಮೂರು ಗಂಟೆಯಾಗುವಂತೆ ರೂಪಿಸಿರುವ ವ್ಯವಸ್ಥೆಯನ್ನು ಪ್ರಶ್ನಿಸಬೇಕಾಗಿದೆ. ಅದೇ ಹೊತ್ತಿಗೆ ಜಗುಲಿಯಲ್ಲಿ ಕುಳಿತು ಮೊಬೈಲ್ ನೋಡುತ್ತಿರುವ ತಂದೆ, ಅಜ್ಜಂದಿರೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಯಿದೆ.

ಮನೆಯಲ್ಲೇ ಒಂದು ವೇಳೆ

ಹಿಂದಿನ ವಾಹಿನಿಗಳು ಮಾಡುತ್ತಿದ್ದ ವೇಳಾಪಟ್ಟಿಯನ್ನು ಈಗ ಮನೆಯೇ ಮಾಡಬೇಕು. ಎರಡು ವರ್ಷ ದಾಟಿದ ಮಗುವಿಗೆ ದಿನದಲ್ಲಿ ಒಂದು ಹೊತ್ತನ್ನು ಗೊತ್ತು ಮಾಡಿ, ಉದಾಹರಣೆಗೆ ಸಂಜೆ ಐದರಿಂದ ಐದೂವರೆ. ಪ್ರತಿದಿನವೂ ಅದೇ ಹೊತ್ತು. ಸಮಯ ನಿಶ್ಚಿತವಾದಾಗ ಮಗು ದಿನವಿಡೀ ಹಟ ಮಾಡುವುದು ಕ್ರಮೇಣ ಕಡಿಮೆಯಾಗುತ್ತದೆ. ಮೊದಲ ಕೆಲವು ದಿನ ಅತ್ತರೂ ಸಡಿಲಬಾರದು. ಮುಗಿಯುವ ಐದು ನಿಮಿಷ ಮೊದಲೇ ಹೇಳಿ. ಮೊಬೈಲಿಗಿಂತ ಟಿ.ವಿ. ಮೇಲು, ದೂರ ಕುಳಿತು ನೋಡಬಹುದು, ಮನೆಯವರಿಗೂ ಕಾಣುತ್ತದೆ. ಮೊಬೈಲಿನಲ್ಲೇ ತೋರಿಸುವುದಾದರೆ ಮುಂದಿನ ವಿಡಿಯೋ ತಾನಾಗಿ ಆರಂಭವಾಗುವ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿಡಿ. ಕನ್ನಡದ, ನಿಧಾನಗತಿಯ ಕಥೆಗಳನ್ನೇ ಆಯ್ದುಕೊಳ್ಳಿ. ನೋಡಿದ್ದನ್ನೇ ಮತ್ತೆ ನೋಡಿದರೆ ಬೇಡವೆನ್ನಬೇಡಿ. ಮನೆಯ ಹಿರಿಯರೊಬ್ಬರು ಜೊತೆಗಿದ್ದು, ಮುಗಿದ ಮೇಲೆ ಆ ಕಥೆಯ ಬಗ್ಗೆ ನಾಲ್ಕು ಮಾತನಾಡಲಿ. ಊಟದ ಹೊತ್ತಿನಲ್ಲಿ ಮತ್ತು ಮಲಗುವ ಮುಂಚಿನ ಒಂದು ಗಂಟೆಯಲ್ಲಿ ಪರದೆ ಬೇಡವೇ ಬೇಡ.

ಉಳಿದ ಹೊತ್ತಿಗೆ ಮಗುವಿಗೆ ಕೆಲಸ ಬೇಕು. ಬಟಾಣಿ ಬಿಡಿಸುವುದು, ಒಣಗಿದ ಬಟ್ಟೆಯಲ್ಲಿ ತನ್ನದನ್ನು ಆರಿಸುವುದು, ಅಡಿಕೆ ಸಿಪ್ಪೆಯಲ್ಲಿ ಗೋಪುರ ಕಟ್ಟುವುದು, ಸೂರಿನಿಂದ ಇಳಿಯುವ ನೀರಿಗೆ ಕಾಗದದ ದೋಣಿ ಬಿಡುವುದು ಆ ವಯಸ್ಸಿಗೆ ಆಟವೂ ಹೌದು, ಕಾಯಕವೂ ಹೌದು. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ಬಾಯಿಗೆ ಬರುವ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮಳೆ ಬಿಡುವು ಕೊಟ್ಟಾಗ ಅಂಗಳಕ್ಕೆ ಬಿಡಿ. ಕಾಲು ಕೆಸರಾದರೆ ತೊಳೆಯಬಹುದು.

ಮಗು ಒಂದೂವರೆ ವರ್ಷವಾದರೂ ಅರ್ಥವುಳ್ಳ ಒಂದು ಪದವನ್ನೂ ಆಡದಿದ್ದರೆ, ಎರಡು ವರ್ಷವಾದರೂ ಎರಡು ಪದ ಜೋಡಿಸದಿದ್ದರೆ, ಕರೆದಾಗ ತಿರುಗಿ ನೋಡದಿದ್ದರೆ, ಕಾರ್ಟೂನನ್ನೇ ದೂರಿ ಸುಮ್ಮನಿರಬಾರದು. ಕಿವಿ ಕೇಳದಿರುವುದೂ ಸೇರಿ ಬೇರೆ ಕಾರಣಗಳಿರಬಹುದು. ಅಂಗನವಾಡಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರೆಗೂ ಹೋಗಲು ಹಿಂಜರಿಯಬಾರದು. ತಡಮಾಡಿದಷ್ಟೂ ನಷ್ಟ ಮಗುವಿಗೇ.

ಮನೆಯಾಚೆಗೂ ಆಗಬೇಕಾದ ಕೆಲಸವಿದೆ. ಐದು ವರ್ಷದೊಳಗಿನ ಮಕ್ಕಳಿಗಾಗಿ ದಿನವೂ ಗೊತ್ತಾದ ಅರ್ಧ ಗಂಟೆ, ಶುದ್ಧ ಕನ್ನಡದಲ್ಲಿ, ಜಾಹೀರಾತಿಲ್ಲದೆ ಕಾರ್ಯಕ್ರಮ ನೀಡುವುದು ದೂರದರ್ಶನದ ಚಂದನಕ್ಕೆ ಸಾಧ್ಯವಾಗಬೇಕು. ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಪಠ್ಯಕ್ರಮದ ಹಾಡು, ಕಥೆ, ಆಟಗಳಿವೆ. ಮಳೆಗಾಲದಲ್ಲಿಯೂ ಅವು ನಡೆಯುವಂತೆ ಸೋರದ ಸೂರು, ಸುರಕ್ಷಿತ ದಾರಿ ಬೇಕು. ಊರಿನ ಸಮುದಾಯ ಭವನದಲ್ಲೋ ಮಠದ ಸಭಾಂಗಣದಲ್ಲೋ ವಾರಕ್ಕೆರಡು ಮಧ್ಯಾಹ್ನ ಹಿರಿಯರು ಕುಳಿತು ಪುಟಾಣಿಗಳಿಗೆ ಕಥೆ ಹೇಳುವ ಏರ್ಪಾಡಿಗೆ ಖರ್ಚೇನೂ ಇಲ್ಲ. ಮಕ್ಕಳಿಗೆ ಮಾತು ಸಿಗುತ್ತದೆ, ಹಿರಿಯರಿಗೆ ಒಂಟಿತನ ನೀಗುತ್ತದೆ, ತಾಯಂದಿರಿಗೆ ಒಂದು ಗಂಟೆ ಬಿಡುವು ದೊರೆಯುತ್ತದೆ.

ಪುಟಾಣಿಗಳಿಗೆ ಪ್ರತ್ಯೇಕ ವೇಳೆ ಇರಬೇಕೆಂಬ ಕಲ್ಪನೆ ಒಳ್ಳೆಯದೇ ಆಗಿತ್ತು. ಅದಕ್ಕೊಂದು ಆರಂಭವಿತ್ತು, ಅಂತ್ಯವಿತ್ತು, ಯಾರೋ ಒಬ್ಬರು ಹೊಣೆ ಹೊತ್ತು ಆಯ್ದ ಕಥೆಯಿತ್ತು. ಈಗ ಆ ಹೊಣೆ ನಮ್ಮದು. ಈ ಮಳೆಗಾಲದಿಂದಲೇ ನಮ್ಮ ನಮ್ಮ ಮನೆಗಳಲ್ಲಿ ಆ ಅರ್ಧ ಗಂಟೆಯನ್ನು ಗೊತ್ತುಮಾಡಿ, ಉಳಿದ ದಿನವನ್ನು ಮಕ್ಕಳಿಗೆ ಮರಳಿಸೋಣ.